ಆರಂಭಶೂರ ಲೋಹಗಳು

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

ಮಾನ್ಯ ಅಧ್ಯಕ್ಷರೇ, ಕಾರ್ಯಕಾರಿ ಸಮಿತಿಯ ಮಿತ್ರರೇ, ಡಲ್ಲಾಸಿನಿಂದಲೂ ಹ್ಯೂಸ್ಟನ್ನಿನಿಂದಲೂ ಬೆಳಗಿನ ಜಾವವೇ ಹೊರಟು ಆಸ್ಟಿನ್ನಿಗೆ ಬಂದಿರುವ ಕನ್ನಡ ಬಂಧುಗಳೇ, ತಾಯಂದಿರೇ, ಮಕ್ಕಳೇ,

ಮಕ್ಕಳ ಕೋಲಾಟ ಮುಗಿದು ಊಟದ ಕರೆ ಬರುವುದಕ್ಕೆ ಮುಂಚಿನ ಈ ಅರ್ಧ ಗಂಟೆಯನ್ನು ನನಗೆ ಕೊಟ್ಟಿದ್ದಾರೆ. ಹಿಂದಿನ ಬಾಗಿಲಿನಿಂದ ಬಿಸಿಬೇಳೆಭಾತಿನ ಒಗ್ಗರಣೆಯ ಘಮ ಬರುತ್ತಿರುವಾಗ ರಸಾಯನಶಾಸ್ತ್ರ ಮಾತನಾಡುವ ಧೈರ್ಯ ಮಾಡಿದ್ದೇನೆ, ಕ್ಷಮಿಸಬೇಕು. "ನೀವು ಇಷ್ಟು ವರ್ಷ ಆ ಲ್ಯಾಬಿನಲ್ಲಿ ಕೂತು ಏನು ಮಾಡುತ್ತಿದ್ದಿರಿ ಅಂತ ನಮ್ಮ ಭಾಷೆಯಲ್ಲಿ ಒಂದು ಸಲ ಹೇಳಿ" ಎಂದು ಕಾರ್ಯದರ್ಶಿಗಳು ಕೇಳಿದಾಗ ಇಲ್ಲ ಎನ್ನಲು ಆಗಲಿಲ್ಲ. ಮನೆಯಲ್ಲಿ ನನ್ನ ಶ್ರೀಮತಿಯೂ ಇದೇ ಪ್ರಶ್ನೆಯನ್ನು ಬೇರೆ ಧಾಟಿಯಲ್ಲಿ ಕೇಳುತ್ತಿರುತ್ತಾಳೆ.

ಒಂದು ರಾತ್ರಿಯಿಂದ ಶುರು ಮಾಡುತ್ತೇನೆ. 2021ರ ಫೆಬ್ರವರಿ ಚಳಿಯನ್ನು ಇಲ್ಲಿರುವವರು ಯಾರೂ ಮರೆತಿರಲಾರಿರಿ. ಆ ವಾರ ಟೆಕ್ಸಾಸಿನ ಕರೆಂಟು ವ್ಯವಸ್ಥೆ ಪೂರ್ತಿ ಕುಸಿದು ಬೀಳಲು ಐದು ನಿಮಿಷವೂ ಉಳಿದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಕೋವಿಡ್ ಕಾರಣದಿಂದ ತಿಪಟೂರಿಗೆ ಹಿಂದಿರುಗಲಾಗದೆ ನಮ್ಮ ತಾಯಿ ಆಗ ನಮ್ಮಲ್ಲೇ ಉಳಿದಿದ್ದರು. ಉಬ್ಬಸದ ಕಾಯಿಲೆ, ರಾತ್ರಿ ಹೊತ್ತು ಆಮ್ಲಜನಕದ ಯಂತ್ರ ಬೇಕೇ ಬೇಕು. ಎರಡನೆಯ ದಿನ ರಾತ್ರಿ ಕರೆಂಟು ಹೋಯಿತು, ಬರಲಿಲ್ಲ. ಕಾರನ್ನು ಮನೆಯಿಂದ ದೂರಕ್ಕೆ, ರಸ್ತೆಯ ಬದಿಗೆ ತಂದು ನಿಲ್ಲಿಸಿ, ಇಂಜಿನ್ ಓಡಿಸಿ, ಅದರ ಬ್ಯಾಟರಿಯಿಂದ ಕಿಟಕಿಯ ಸಂದಿನಲ್ಲಿ ತಂತಿ ಎಳೆದು ಅಮ್ಮನ ಯಂತ್ರಕ್ಕೆ ಕೊಟ್ಟೆವು. ನಾನೂ ಮಗನೂ ಸರದಿಯಂತೆ ಕಾರಿನಲ್ಲಿ ಕೂತು ಪೆಟ್ರೋಲ್ ಮುಳ್ಳನ್ನು ನೋಡುತ್ತಿದ್ದೆವು. ಹ್ಯೂಸ್ಟನ್ನಿನಲ್ಲಿ ಇದೇ ಕೆಲಸವನ್ನು ಗ್ಯಾರೇಜಿನ ಒಳಗೇ ಮಾಡಿದವರು, ಮನೆಯೊಳಗೆ ಇದ್ದಿಲು ಉರಿಸಿದವರು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಸಿಕ್ಕಿ ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದರು; ಕೆಲವರು ಉಳಿಯಲಿಲ್ಲ. ಈ ಅನಿಲದ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಆ ರಾತ್ರಿ ಅಮ್ಮ ಕೇಳಿದರು: "ನೀನು ಕರೆಂಟು ಮಾಡೋ ವಿದ್ಯೆ ತಾನೇ ಕಲಿತಿದ್ದು? ನಿನ್ನ ಮನೇಲೇ ಇಲ್ವಲ್ಲೋ?"

ನಾನು ಕಲಿತ ವಿದ್ಯೆಯ ಹೆಸರು ವಿದ್ಯುದ್ರಸಾಯನ. ಅದರಲ್ಲೂ ಇಂಧನಕೋಶ, ಅಂದರೆ ಫ್ಯುಯೆಲ್ ಸೆಲ್. ಜಲಜನಕ ಮತ್ತು ಆಮ್ಲಜನಕ ಸೇರಿದರೆ ನೀರಾಗುತ್ತದೆ ಎಂದು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಎರಡನ್ನೂ ಬೆರೆಸಿ ಬೆಂಕಿ ತಾಗಿಸಿದರೆ ಢಂ ಎನ್ನುತ್ತದೆ, ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಇವೆರಡನ್ನೂ ಒಂದು ತೆಳುಪೊರೆಯ ಆಚೀಚೆ ಇರಿಸಿ, ಜಲಜನಕದ ಎಲೆಕ್ಟ್ರಾನುಗಳು ತಂತಿಯ ಮೂಲಕವೇ ಸುತ್ತಿ ಹೋಗುವಂತೆ ಮಾಡಿದರೆ ಅದೇ ಕರೆಂಟು. ಕೊನೆಯಲ್ಲಿ ಉಳಿಯುವುದು ನೀರು. 1839ರಲ್ಲಿ ವಿಲಿಯಂ ಗ್ರೋವ್ ಎಂಬ ವೇಲ್ಸಿನ ವಕೀಲ ಇದನ್ನು ಮಾಡಿ ತೋರಿಸಿದ. ಆತ ಬಳಸಿದ ಲೋಹ ಪ್ಲಾಟಿನಂ. ಇಷ್ಟು ವರ್ಷಗಳಾದ ಮೇಲೂ ನಾವು ಪ್ಲಾಟಿನಂ ಬಿಟ್ಟು ದೂರ ಹೋಗಿಲ್ಲ. ನನ್ನ ಈ ಹೊತ್ತಿನ ಮಾತೆಲ್ಲ ಯಾಕೆ ಹೋಗಿಲ್ಲ ಎಂಬುದರ ಬಗ್ಗೆಯೇ.

ನಾವು ಇರುವ ಈ ಮೂರು ಊರುಗಳಿಗೂ ಇಂಧನಕೋಶಕ್ಕೂ ಹಳೆಯ ಸಂಬಂಧವಿದೆ. ಹ್ಯೂಸ್ಟನ್ನಿನವರಿಗೆ ಇದು ಸ್ವಲ್ಪ ಗೊತ್ತು. 1965ರ ಆಗಸ್ಟ್ 21ರಂದು ಜೆಮಿನಿ 5 ಹಾರಿದಾಗ ಮೊತ್ತಮೊದಲ ಬಾರಿಗೆ ಇಂಧನಕೋಶ ಮನುಷ್ಯರ ಜತೆ ಆಕಾಶಕ್ಕೆ ಹೋಯಿತು. ಹಾರಿದ ಕೆಲವೇ ಗಂಟೆಗಳಲ್ಲಿ ಆಮ್ಲಜನಕದ ಟ್ಯಾಂಕಿನ ಹೀಟರು ಕೆಟ್ಟು ಒತ್ತಡ ಇಳಿಯತೊಡಗಿತು. ಕೂಪರ್ ಮತ್ತು ಕಾನ್ರಾಡ್ ಇಬ್ಬರನ್ನೂ ಕೂಡಲೇ ಇಳಿಸಿಕೊಳ್ಳುವುದೋ ಬೇಡವೋ ಎಂದು ಹ್ಯೂಸ್ಟನ್ನಿನ ನಿಯಂತ್ರಣ ಕೊಠಡಿಯಲ್ಲಿ ಚರ್ಚೆ ನಡೆಯಿತು. ಒತ್ತಡ ಒಂದು ಮಟ್ಟಕ್ಕೆ ಬಂದು ನಿಂತಿತು. ಅವರು ಸುಮಾರು ಎಂಟು ದಿನ ಅಲ್ಲೇ ಇದ್ದು ಬಂದರು. ಆ ಕೋಶಗಳಲ್ಲಿ ಪ್ಲಾಟಿನಂ ಧಾರಾಳವಾಗಿತ್ತು. ಸರ್ಕಾರದ ದುಡ್ಡು, ಚಂದ್ರನವರೆಗಿನ ಪಂದ್ಯ, ಯಾರು ತೂಕ ಹಾಕಿ ನೋಡುತ್ತಾರೆ! ನಂತರ ಬಂದ ಅಪೋಲೋದಲ್ಲಿ ಬೇಕನ್ ಎಂಬ ಇಂಗ್ಲಿಷ್ ಇಂಜಿನಿಯರನ ಬೇರೆ ಬಗೆಯ ಕೋಶವಿತ್ತು. ಕಾದ ಕ್ಷಾರದ್ರಾವಣ, ನಿಕ್ಕೆಲ್ಲಿನ ವಿದ್ಯುದ್ವಾರಗಳು. ಕ್ಷಾರದಲ್ಲಿ ನಿಕ್ಕೆಲ್ ಬದುಕುತ್ತದೆ, ಆಮ್ಲದಲ್ಲಿ ಕರಗಿಹೋಗುತ್ತದೆ. ಈ ಒಂದು ವಾಕ್ಯ ನಮ್ಮ ಕಸುಬಿನ ಅರ್ಧ ಕಥೆ.

ಶಟಲ್ ವಿಮಾನಗಳಲ್ಲಿ ಮೂರು ಮೂರು ಇಂಧನಕೋಶಗಳಿದ್ದವು. ಅವುಗಳಲ್ಲಿ ಹುಟ್ಟಿದ ನೀರನ್ನೇ ಗಗನಯಾತ್ರಿಗಳು ಕುಡಿಯುತ್ತಿದ್ದರು. 1997ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಹದಿನಾರು ದಿನಗಳ ಪ್ರಯಾಣಕ್ಕೆಂದು ಹೊರಟು, ಎರಡನೆಯ ಕೋಶದ ವೋಲ್ಟೇಜಿನಲ್ಲಿ ಏರುಪೇರು ಕಂಡ ಕಾರಣ ನಾಲ್ಕನೆಯ ದಿನವೇ ಇಳಿದುಬಿಟ್ಟಿತು. ಜುಲೈನಲ್ಲಿ ಅದೇ ಏಳು ಜನರನ್ನು ಕೂರಿಸಿಕೊಂಡು ಮತ್ತೆ ಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಅದೇ ಕೊಲಂಬಿಯಾದಲ್ಲಿ, ನಮ್ಮ ಆರ್ಲಿಂಗ್ಟನ್ನಿನಲ್ಲಿ ಎಂ.ಎಸ್. ಓದಿದ ಕಲ್ಪನಾ ಚಾವ್ಲಾ ಮೊದಲ ಸಲ ಹಾರಿದ್ದು. ಆ ಹೆಸರನ್ನು ಹೇಳಿ ಸುಮ್ಮನೆ ಮುಂದೆ ಹೋಗಲು ಟೆಕ್ಸಾಸಿನಲ್ಲಿರುವ ನಮಗೆ ಆಗುವುದಿಲ್ಲ. ಆದರೆ ಇವತ್ತಿನ ವಿಷಯ ಅದಲ್ಲ.

ಡಲ್ಲಾಸಿನವರು "ನಮ್ಮೂರಲ್ಲಿ ಏನೂ ಇಲ್ಲವೇ" ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಬಹಳ ಜನ ದುಡಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, 1960ರ ದಶಕದ ಮಧ್ಯದಲ್ಲಿ ಸೈನ್ಯಕ್ಕಾಗಿ ಕರಗಿದ ಕಾರ್ಬೊನೇಟಿನ ಇಂಧನಕೋಶಗಳನ್ನು ಮಾಡಿಕೊಟ್ಟಿತ್ತು, ನೂರು ವಾಟ್‌ನಿಂದ ಸಾವಿರ ವಾಟ್‌ವರೆಗೆ. ಆಮೇಲೆ ಚಿಪ್ಪಿನಲ್ಲಿ ಹೆಚ್ಚು ಲಾಭವಿದೆ ಎಂದು ಕಂಡುಕೊಂಡರು. ಅವರ ಲೆಕ್ಕ ತಪ್ಪಾಗಲಿಲ್ಲ. ಪಕ್ಕದ ಆರ್ಲಿಂಗ್ಟನ್ನಿನಲ್ಲಿ ಬೆಳಕು ಮತ್ತು ವಿದ್ಯುದ್ರಸಾಯನದಲ್ಲಿ ಹೆಸರು ಮಾಡಿದ ಪ್ರೊ. ಕೃಷ್ಣನ್ ರಾಜೇಶ್ವರ್ ಅವರು ಪಿಎಚ್.ಡಿ. ಮಾಡಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಇನ್ನು ಮೂರೂ ಊರುಗಳ ನಡುವಿನ ಕಾಲೇಜ್ ಸ್ಟೇಷನ್ನಿನಲ್ಲಿ, ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ, 'ಜಲಜನಕದ ಅರ್ಥವ್ಯವಸ್ಥೆ' ಎಂಬ ಮಾತನ್ನೇ ಚಲಾವಣೆಗೆ ತಂದ ಬೋಕ್ರಿಸ್ ಇದ್ದರು, ಆಪಲ್‌ಬಿ ಇದ್ದರು, ಶ್ರೀಲಂಕಾ ಮೂಲದ ಸುಪ್ರಮಣಿಯಂ ಶ್ರೀನಿವಾಸನ್ ಇದ್ದರು. ಶ್ರೀನಿವಾಸನ್ ಅವರು ಇಲ್ಲಿಗೆ ಬರುವ ಮುಂಚೆ, 1980ರ ದಶಕದಲ್ಲಿ, ಲಾಸ್ ಅಲಾಮೋಸಿನಲ್ಲಿ ಸಂಗಡಿಗರೊಂದಿಗೆ ಮಾಡಿದ ಕೆಲಸದಿಂದ ಒಂದು ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಬೇಕಾಗಿದ್ದ ಪ್ಲಾಟಿನಂ 0.4 ಮಿಲಿಗ್ರಾಂಗೆ ಇಳಿಯಿತು. ಹತ್ತರಲ್ಲಿ ಒಂದು ಪಾಲು! ಲೋಹ ಬದಲಾಗಲಿಲ್ಲ, ಪೊರೆಯ ವಸ್ತುವನ್ನೇ ದ್ರವರೂಪದಲ್ಲಿ ವಿದ್ಯುದ್ವಾರದೊಳಕ್ಕೆ ಇಳಿಸಿದರು, ಅದುವರೆಗೆ ಸುಮ್ಮನೆ ಕೂತಿದ್ದ ಪ್ಲಾಟಿನಂ ಕಣಗಳಿಗೆಲ್ಲ ಕೆಲಸ ಸಿಕ್ಕಿತು.

ಈಗ ಪ್ಲಾಟಿನಂ ಏನು ಮಾಡುತ್ತದೆ ಎಂದು ನೋಡೋಣ. ಅದು ಕ್ರಿಯಾವರ್ಧಕ, ಇಂಗ್ಲಿಷಿನ ಕೆಟಲಿಸ್ಟ್. ಸಂಬಂಧ ಕುದುರಿಸುವ ದಲ್ಲಾಳಿಯ ಉದಾಹರಣೆಯನ್ನು ಮೇಷ್ಟ್ರುಗಳು ಕೊಡುತ್ತಿದ್ದರು. ನನಗೆ ಅದಕ್ಕಿಂತ ಅತಿಥಿಸತ್ಕಾರದ ಹೋಲಿಕೆ ಹೆಚ್ಚು ಒಪ್ಪುತ್ತದೆ. ಕೆಲವು ಮನೆಗಳಲ್ಲಿ ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸಿ ಕಳಿಸುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಕಾಫಿ ಆಯಿತು, ತಿಂಡಿ ಆಯಿತು, "ಊಟ ಮಾಡದೆ ಹೊರಡೋ ಹಾಗೇ ಇಲ್ಲ" ಎಂದು ಚಪ್ಪಲಿಯನ್ನೇ ಬಚ್ಚಿಡುತ್ತಾರೆ. ಎರಡೂ ಕಡೆ ದಿನಕ್ಕೆ ಹೆಚ್ಚು ಅತಿಥಿಗಳು ಬಂದು ಹೋಗುವುದು ಸಾಧ್ಯವಿಲ್ಲ. ಒಳ್ಳೆಯ ಕ್ರಿಯಾವರ್ಧಕ ಬಂದವರನ್ನು ಕೂರಿಸಬೇಕು, ಕೆಲಸ ಮುಗಿದ ಕೂಡಲೇ ಕಳಿಸಿಕೊಡಬೇಕು. ಫ್ರಾನ್ಸಿನ ಸಬಾಟಿಯೆ ನೂರು ವರ್ಷಕ್ಕೂ ಹಿಂದೆ ಹೇಳಿದ ತತ್ತ್ವ ಇದೇ. ಚಿನ್ನ ಆಮ್ಲಜನಕವನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ನಿಕ್ಕೆಲ್, ಕಬ್ಬಿಣಗಳು ಹಿಡಿದು ಬಿಡುವುದೇ ಇಲ್ಲ, ತುಕ್ಕು ಎಂದರೆ ಅದೇ. ನಡುವೆ, ಗುಡ್ಡದ ತುದಿಯ ಹತ್ತಿರ, ಪ್ಲಾಟಿನಂ ಇದೆ. ತುದಿಯ ಹತ್ತಿರ ಎಂದೆನೇ ಹೊರತು ತುದಿಯಲ್ಲಿ ಎನ್ನಲಿಲ್ಲ. ಅದು ಕೂಡ ಆಮ್ಲಜನಕವನ್ನು ಬೇಕಾದ್ದಕ್ಕಿಂತ ಒಂದಿಷ್ಟು ಬಿಗಿಯಾಗಿಯೇ ಹಿಡಿಯುತ್ತದೆ ಎಂದು 2004ರಲ್ಲಿ ಡೆನ್ಮಾರ್ಕಿನ ನೋರ್ಸ್ಕೋವ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಅದಕ್ಕೇ 1.23 ವೋಲ್ಟ್ ಕೊಡಬೇಕಾದ ಕೋಶ ಕೆಲಸದ ಹೊತ್ತಿನಲ್ಲಿ 0.7 ಆಸುಪಾಸು ಕೊಡುತ್ತದೆ. ಉಳಿದದ್ದು ಶಾಖ. ಜಲಜನಕದ ಕಡೆ ಹೆಚ್ಚು ತೊಂದರೆಯಿಲ್ಲ, ನಷ್ಟದ ಬಹುಪಾಲು ಆಮ್ಲಜನಕದ ಕಡೆಯೇ.

ಕಾರ್ಬನ್ ಮಾನಾಕ್ಸೈಡ್ ಎಂಬ ಅತಿಥಿಯ ಕಥೆಯೇ ಬೇರೆ. ನಮ್ಮ ರಕ್ತದ ಕಬ್ಬಿಣವನ್ನು ಹಿಡಿದು ಉಸಿರು ಕಟ್ಟಿಸುವ ಹಾಗೆಯೇ ಅದು ಪ್ಲಾಟಿನಂ ಮೇಲೆ ಬಂದು ಕೂತರೆ ಏಳುವುದಿಲ್ಲ. ಹ್ಯೂಸ್ಟನ್ನಿನ ಸುತ್ತಮುತ್ತಲಿನ ಕಾರ್ಖಾನೆಗಳು ನೆಲದಡಿಯ ಅನಿಲದಿಂದ ಜಲಜನಕವನ್ನು ತೆಗೆಯುತ್ತವೆ, ಕೊಲ್ಲಿಯ ತೀರದುದ್ದಕ್ಕೂ ಅದರ ಕೊಳವೆಗಳಿವೆ, ಉಪ್ಪಿನ ಗುಹೆಗಳಲ್ಲಿ ಶೇಖರಣೆ ಇದೆ. ಆದರೆ ಹೀಗೆ ತೆಗೆದ ಜಲಜನಕದಲ್ಲಿ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ ಹತ್ತು ಪಾಲು ಉಳಿದರೂ ಸಾಕು, ಕೋಶ ಸೊರಗುತ್ತದೆ. ವಾಹನಗಳಿಗೆ ಕೊಡುವ ಜಲಜನಕದಲ್ಲಿ ಹತ್ತು ಲಕ್ಷಕ್ಕೆ 0.2 ಪಾಲನ್ನು ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ.

ಇಲ್ಲಿಯವರೆಗೆ ಹೇಳಿದ್ದು ಚುರುಕಿನ ಮಾತು. ಇನ್ನು ಬಾಳಿಕೆಯ ಮಾತು. ನಮ್ಮ ಕಸುಬಿನಲ್ಲಿ ಹೆಸರು ತರುವುದು ಮೊದಲನೆಯದು, ಊಟ ಹಾಕುವುದು ಎರಡನೆಯದು.

ಪ್ಲಾಟಿನಂ ದುಬಾರಿ ಲೋಹವಾದ್ದರಿಂದ ಅದನ್ನು ಎರಡು ಮೂರು ನ್ಯಾನೋಮೀಟರಿನಷ್ಟು ಸಣ್ಣ ಕಣಗಳನ್ನಾಗಿ ಮಾಡಿ ಇಂಗಾಲದ ಕಪ್ಪುಪುಡಿಯ ಮೇಲೆ ಅಂಟಿಸುತ್ತಾರೆ. ಹೀಗೆ ಮಾಡಿದಾಗ ಒಂದು ಗ್ರಾಂ ಪ್ಲಾಟಿನಂನ ಮೇಲ್ಮೈ ಸುಮಾರು 60ರಿಂದ 100 ಚದರ ಮೀಟರ್. ಬೆಂಗಳೂರಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಹೆಚ್ಚೂ ಕಡಿಮೆ ಮೂವತ್ತು-ನಲವತ್ತರ ಒಂದು ಸೈಟು. ಆದರೆ ಇಷ್ಟು ಸಣ್ಣ ಕಣಕ್ಕೆ ನೆಮ್ಮದಿಯಿಲ್ಲ. ಸಾರಿನ ಮೇಲೆ ತೇಲುವ ಎಣ್ಣೆಯ ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದೊಡ್ಡ ಹನಿಯಾಗುವಂತೆ ಇವೂ ಸೇರಿಕೊಳ್ಳುತ್ತವೆ. ಸಣ್ಣ ಕಣಗಳು ಆಮ್ಲದಲ್ಲಿ ಕರಗಿ, ಆ ಪ್ಲಾಟಿನಂ ದೊಡ್ಡ ಕಣಗಳ ಮೇಲೆ ಕೂತುಕೊಳ್ಳುತ್ತದೆ. ಇನ್ನಷ್ಟು ಪೊರೆಯೊಳಕ್ಕೆ ಹರಿದು ಅಲ್ಲೇ ಒಂದು ನಿಷ್ಪ್ರಯೋಜಕ ಪಟ್ಟಿಯಾಗಿ ನಿಲ್ಲುತ್ತದೆ. ಸೈಟು ವರ್ಷ ವರ್ಷ ಕುಗ್ಗುತ್ತಾ ಹೋಗುತ್ತದೆ.

ಇದರಲ್ಲೊಂದು ಸ್ವಾರಸ್ಯವಿದೆ. ಒಂದೇ ವೋಲ್ಟೇಜಿನಲ್ಲಿ ಇರಿಸಿದರೆ ಪ್ಲಾಟಿನಂ ಅಷ್ಟಾಗಿ ಕರಗುವುದಿಲ್ಲ. ಮೇಲೆ ಕೆಳಗೆ ಏರಿಳಿಸಿದರೆ ಕರಗುತ್ತದೆ. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಐ-45ರಲ್ಲಿ 240 ಮೈಲಿ ಒಂದೇ ವೇಗದಲ್ಲಿ ಓಡುವ ಲಾರಿಯ ಕೋಶಕ್ಕೆ ಆಗುವ ಸವೆತಕ್ಕಿಂತ, ಸಂಜೆ ಐದು ಗಂಟೆಗೆ ಆಸ್ಟಿನ್ನಿನ ಐ-35ರಲ್ಲಿ ನಿಂತು ಹೊರಟು, ನಿಂತು ಹೊರಟು ಮಾಡುವ ಕಾರಿನ ಕೋಶಕ್ಕೆ ಮೈಲಿಗೆ ಆಗುವ ಸವೆತ ಹೆಚ್ಚು. ಕಾರಿನ ಯಜಮಾನರಿಗೂ ಹಾಗೇ ಅನ್ನಿ! ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡುವಾಗಲಂತೂ ಕ್ಷಣಕಾಲ ವೋಲ್ಟೇಜು 1.4ರ ಮೇಲಕ್ಕೆ ಹೋಗಿ ಕಣಗಳು ಕೂತಿರುವ ಇಂಗಾಲವೇ ಸುಟ್ಟುಹೋಗಬಹುದು. ಕಂಬ ಕುಸಿದ ಮೇಲೆ ಮಾಳಿಗೆ ಎಲ್ಲಿ ನಿಲ್ಲುತ್ತದೆ?

ಈಗ ನಮ್ಮ ಹಿರಿಯರ ಅಡುಗೆಮನೆಗೆ ಬನ್ನಿ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಮಾಡಿದರೆ ಕಿಲುಬು. ಅದಕ್ಕೇ ಒಳಗೆ ತವರದ ಕಲಾಯಿ. "ಕಲಾಯಿ... ಪಾತ್ರೆಗೆ ಕಲಾಯಿ" ಎಂದು ಕೂಗಿಕೊಂಡು ಬರುತ್ತಿದ್ದವನ ತಿದಿಯ ಸುತ್ತ ನಾವೆಲ್ಲ ನೆರೆಯುತ್ತಿದ್ದೆವು. ಒಳಗೆ ಅಗ್ಗದ ಲೋಹ, ಮೇಲೆ ಆಮ್ಲಕ್ಕೆ ಬಗ್ಗದ ಲೋಹ. 2004ರಿಂದ ಮೂರು ವರ್ಷ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ಸ್ಟ್ರಾಸರ್ ಮತ್ತು ಅವರ ವಿದ್ಯಾರ್ಥಿಗಳು ಮಾಡಿದ್ದು ಇಂಥದ್ದೇ ಕಲಾಯಿ, ಆದರೆ ಒಳಗಿನಿಂದ. ಒಂದು ಪಾಲು ಪ್ಲಾಟಿನಂ, ಮೂರು ಪಾಲು ತಾಮ್ರ ಸೇರಿಸಿ ಸಣ್ಣ ಕಣಗಳನ್ನು ಮಾಡಿದರು. ಅದನ್ನು ಆಮ್ಲದಲ್ಲಿಟ್ಟು ವೋಲ್ಟೇಜು ಏರಿಳಿಸಿದರು. ಮೇಲ್ಮೈಯ ತಾಮ್ರವೆಲ್ಲ ಕರಗಿ ಹೊರಟುಹೋಗಿ, ಕೆಲವೇ ಪರಮಾಣುಗಳ ದಪ್ಪದ ಪ್ಲಾಟಿನಂ ಚಿಪ್ಪು ಉಳಿಯಿತು. ಒಳಗೆ ತಾಮ್ರ ಹಾಗೇ ಇತ್ತು. ತಾಮ್ರದ ಪರಮಾಣು ಪ್ಲಾಟಿನಂಗಿಂತ ಚಿಕ್ಕದು. ಹಾಗಾಗಿ ಮೇಲಿನ ಪ್ಲಾಟಿನಂ ಪರಮಾಣುಗಳು ತಮ್ಮ ಅಭ್ಯಾಸಕ್ಕಿಂತ ಒತ್ತೊತ್ತಾಗಿ ಕೂರಬೇಕಾಯಿತು. ಒತ್ತೊತ್ತಾಗಿ ಕೂತಾಗ ಆಮ್ಲಜನಕವನ್ನು ಹಿಡಿಯುವ ಬಿಗಿ ಕಡಿಮೆಯಾಗುತ್ತದೆ; ನಮಗೆ ಬೇಕಾಗಿದ್ದೂ ಅದೇ. ಒಂದು ಗ್ರಾಂ ಪ್ಲಾಟಿನಂನಿಂದ ಬರುವ ಕೆಲಸ ನಾಲ್ಕರಿಂದ ಆರು ಪಟ್ಟು ಏರಿತು. ಈ ಹಿಗ್ಗುಕುಗ್ಗಿನ ವಿವರಣೆಯನ್ನು ಅವರು ಸ್ಟ್ಯಾನ್‌ಫರ್ಡಿನವರ ಜತೆ ಸೇರಿ 2010ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಸ್ಟ್ರಾಸರ್ ಬರ್ಲಿನ್ನಿಗೆ ಹೋಗಿದ್ದರು.

ಕೆಲಸ ಸುಂದರವಾದದ್ದು. ಆದರೆ ಕಲಾಯಿಯ ಪಾತ್ರೆ ತಿಕ್ಕಿ ತಿಕ್ಕಿ ಸವೆಯುವಂತೆ ಇಲ್ಲೂ ಒಳಗಿನ ತಾಮ್ರ ನಿಧಾನವಾಗಿ ಸೋರುತ್ತದೆ. ಸೋರಿದ ತಾಮ್ರ ಪೊರೆಯಲ್ಲಿ ಜಲಜನಕ ಕೂರಬೇಕಾದ ಜಾಗದಲ್ಲಿ ಕೂತುಬಿಡುತ್ತದೆ, ಆಚೆ ಬದಿಗೆ ಹೋಗಿ ಅಲ್ಲಿಯೂ ಅಂಟಿಕೊಳ್ಳುತ್ತದೆ. ಹಾಗಾಗಿ ಕೈಗಾರಿಕೆಯವರು ಕೋಬಾಲ್ಟ್ ಮತ್ತು ನಿಕ್ಕೆಲ್ ಕಡೆ ಒಲಿದರು. ಟೊಯೋಟಾದವರು 2014ರಲ್ಲಿ ಹೊರತಂದ ಮಿರಾಯ್ ಕಾರಿನಲ್ಲಿ ಇರುವುದು ಪ್ಲಾಟಿನಂ-ಕೋಬಾಲ್ಟ್. 2007ರಲ್ಲಿ ಪ್ಲಾಟಿನಂ-ನಿಕ್ಕೆಲ್ಲಿನ ಒಂದು ನಿರ್ದಿಷ್ಟ ಹರಳುಮುಖ ಶುದ್ಧ ಪ್ಲಾಟಿನಂನ ಅಂಥದೇ ಮುಖಕ್ಕಿಂತ ಹತ್ತು ಪಟ್ಟು ಚುರುಕು ಎಂದು ತಿಳಿದಾಗ ನಮ್ಮ ಕ್ಷೇತ್ರದಲ್ಲಿ ಹಬ್ಬವೇ ನಡೆಯಿತು. ದೊಡ್ಡ ಹರಳಿನ ಆ ಗುಣ ಕಾರಿನೊಳಗಿನ ಕಣಕ್ಕೆ ಪೂರ್ತಿಯಾಗಿ ಇನ್ನೂ ಇಳಿದಿಲ್ಲ.

ಆಸ್ಟಿನ್ನಿನವರು ನನ್ನನ್ನು ಕೋಪದಿಂದ ನೋಡುತ್ತಿದ್ದೀರಿ. 1958ರಿಂದ ಇಲ್ಲಿ ಪಾಠ ಹೇಳಿದ ಆಲನ್ ಬಾರ್ಡ್ ಅವರ ಪಠ್ಯಪುಸ್ತಕವನ್ನು ಓದದ ವಿದ್ಯುದ್ರಸಾಯನಿಯೇ ಇಲ್ಲ. 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಕೂದಲಿಗಿಂತ ಸಣ್ಣ ಮೊನೆಯನ್ನು ಮೇಲ್ಮೈಯ ಮೇಲೆ ಓಡಿಸಿ ಎಲ್ಲಿ ಕ್ರಿಯೆ ಚುರುಕು, ಎಲ್ಲಿ ಮಂದ ಎಂದು ನಕ್ಷೆ ಬರೆಯುವ ಉಪಕರಣ ಅವರ ಪ್ರಯೋಗಾಲಯದ್ದು. 2005ರಲ್ಲಿ ಅವರ ತಂಡ ಅದನ್ನೇ ಬಳಸಿ, ಗಾಜಿನಂತಿರುವ ಇಂಗಾಲದ ಒಂದೇ ತುಂಡಿನ ಮೇಲೆ ಬೇರೆ ಬೇರೆ ಪ್ರಮಾಣದ ಮಿಶ್ರಲೋಹಗಳ ಚುಕ್ಕೆಗಳನ್ನಿಟ್ಟು, ರಂಗೋಲಿಯ ಚುಕ್ಕೆ ಎಣಿಸಿದ ಹಾಗೆ ಬೇಗ ಬೇಗ ಪರೀಕ್ಷಿಸಿತು. ಪಲ್ಲೇಡಿಯಂ ಜತೆ ಕೋಬಾಲ್ಟ್ ಸೇರಿಸಿದಾಗ, ಒಂದು ಆಮ್ಲಜನಕದ ಜೋಡಿಯನ್ನು ಒಡೆಯುತ್ತದೆ, ಇನ್ನೊಂದು ಒಡೆದದ್ದನ್ನು ನೀರಾಗಿಸುತ್ತದೆ ಎಂಬುದು ಅವರ ವಿಚಾರ. ಕೂಡು ಕುಟುಂಬದ ಹಾಗೆ ಕೆಲಸ ಹಂಚಿಕೆ.

ಇನ್ನು ಗುಡಿನಫ್ ಅವರನ್ನು ಗೊತ್ತಿಲ್ಲದವರು ಯಾರು? 1986ರಲ್ಲಿ ಆಸ್ಟಿನ್ನಿಗೆ ಬಂದರು, 97ನೆಯ ವಯಸ್ಸಿನಲ್ಲಿ, 2019ರಲ್ಲಿ ನೊಬೆಲ್ ಪಡೆದರು. ಅವರ ಪರವಾಗಿ ಸ್ಟಾಕ್‌ಹೋಮಿನಲ್ಲಿ ಭಾಷಣ ಮಾಡಿದವರು ನಮ್ಮ ಪಕ್ಕದ ರಾಜ್ಯದವರೇ ಆದ ಪ್ರೊ. ಮಂತಿರಾಂ. 2023ರಲ್ಲಿ ನೂರು ತುಂಬಿ ಗುಡಿನಫ್ ತೀರಿಕೊಂಡರು. ಅವರ ಹೆಸರು ಬ್ಯಾಟರಿಗೆ ಅಂಟಿಕೊಂಡಿದೆ. ಆದರೆ 2011ರಲ್ಲಿ ಎಂ.ಐ.ಟಿ.ಯವರ ಜತೆ ಸೇರಿ, ನೀರಿನಿಂದ ಆಮ್ಲಜನಕ ಬಿಡಿಸುವ ಒಂದು ಆಕ್ಸೈಡನ್ನು ಎಲೆಕ್ಟ್ರಾನುಗಳ ಲೆಕ್ಕದಿಂದಲೇ ಗುರುತಿಸಿಕೊಟ್ಟ ಪ್ರಬಂಧದಲ್ಲಿ ಅವರೂ ಇದ್ದರು. ಚುರುಕಿನಲ್ಲಿ ಅದು ಇರಿಡಿಯಂ ಆಕ್ಸೈಡನ್ನೂ ಮೀರಿಸಿತು. ಮರುವರ್ಷ ಅದೇ ಗುಂಪಿನವರೇ ಇನ್ನೊಂದು ಪ್ರಬಂಧ ಬರೆದರು: ಕೆಲಸ ಮಾಡುತ್ತಾ ಮಾಡುತ್ತಾ ಆ ಆಕ್ಸೈಡಿನ ಮೇಲ್ಮೈಯ ಹರಳಿನ ಕಟ್ಟಡವೇ ಅಸ್ತವ್ಯಸ್ತವಾಗುತ್ತದೆ ಎಂದು. ಮೊದಲನೆಯ ಪ್ರಬಂಧವನ್ನು ಉದ್ಧರಿಸಿದವರು ಬಹಳ. ನನಗೆ ಎರಡನೆಯದರ ಮೇಲೆ ಗೌರವ ಜಾಸ್ತಿ. ಯಾಕೆಂದು ಹೇಳುತ್ತೇನೆ. ಇದು ನನ್ನದೇ ಕಥೆ, ಸಾರ್ವಜನಿಕವಾಗಿ ಹೇಳುತ್ತಿರುವುದು ಇದೇ ಮೊದಲು.

2002ರ ಮಾತು. ಒಂದು ಪ್ರಯೋಗಾಲಯದಲ್ಲಿ ಎರಡನೆಯ ವರ್ಷದ ಪೋಸ್ಟ್-ಡಾಕ್ಟರ್ ಆಗಿದ್ದೆ. ಮಗನಿಗೆ ಎರಡು ವರ್ಷ. ಯೋಜನೆಯ ಹಣ ಮುಂದುವರಿದರೆ ಹೆಚ್-1 ವೀಸಾ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಬೇಕು. ಕಬ್ಬಿಣದ ಒಂದು ಸಂಯುಕ್ತವನ್ನು ಸಾರಜನಕ, ಇಂಗಾಲಗಳ ಜತೆ ಕಾಯಿಸಿ ಕಪ್ಪುಪುಡಿ ಮಾಡುತ್ತಿದ್ದೆ. ಪ್ಲಾಟಿನಂ ಒಂದು ಚೂರೂ ಇಲ್ಲ. ಆಮ್ಲದಲ್ಲಿ ಇಟ್ಟು ಪರೀಕ್ಷೆ ಮಾಡಿದಾಗ ಸಾಧಾರಣ ಫಲ. ಮರುದಿನ ಸ್ವಲ್ಪ ಉತ್ತಮ. ಮೂರನೆಯ ದಿನ ಇನ್ನೂ ಉತ್ತಮ. ದಿನ ಕಳೆದಂತೆ ಕೆಡುವ ಬದಲು ಸುಧಾರಿಸುವ ಕ್ರಿಯಾವರ್ಧಕ! ವಾರದ ಕೊನೆಗೆ ಪ್ಲಾಟಿನಂಗೆ ಹತ್ತಿರ ಬಂತು. ಸಮ್ಮೇಳನಕ್ಕೆ ಸಾರಾಂಶ ಕಳಿಸಿಯೇಬಿಟ್ಟೆ. ಕಾಲಿಂಗ್ ಕಾರ್ಡಿನಲ್ಲಿ ತಿಪಟೂರಿಗೆ ಫೋನು ಮಾಡಿದೆ. ನಮ್ಮ ತಂದೆಯವರನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾಗಿದ್ದರು. ನಾನು ಐದು ನಿಮಿಷ ಒಂದೇ ಉಸಿರಿನಲ್ಲಿ ಹೇಳಿದ್ದನ್ನೆಲ್ಲ ಕೇಳಿ ಅವರು ಎರಡೇ ಮಾತು ಕೇಳಿದರು. "ಎಷ್ಟು ದಿನ ಬಾಳುತ್ತೆ?" ಎಂಬುದು ಒಂದು. "ಏನೂ ಹಾಕದೆ ತಾನೇ ತಾನಾಗಿ ಹೇಗೋ ಜಾಸ್ತಿ ಆಗುತ್ತೆ?" ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಜಂಬದಿಂದ ಉತ್ತರ ಕೊಟ್ಟೆ. ಎರಡನೆಯದು ರಾತ್ರಿಯಿಡೀ ಕೊರೆಯಿತು.

ನಮ್ಮ ಪರೀಕ್ಷೆಯ ಪಾತ್ರೆಯಲ್ಲಿ ಮೂರು ವಿದ್ಯುದ್ವಾರಗಳಿರುತ್ತವೆ. ಒಂದರ ಮೇಲೆ ಪರೀಕ್ಷೆಯ ಪುಡಿ, ಇನ್ನೊಂದು ಅಳತೆಗೆ, ಮೂರನೆಯದು ಕರೆಂಟಿನ ಸುತ್ತು ಪೂರ್ಣವಾಗಲು ಎದುರಿಗೆ ಇರುವ ಒಂದು ತಂತಿ. ಆ ತಂತಿ ಪ್ಲಾಟಿನಂದು! ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದ್ದೆ. ಈ ಕಡೆ ಪುಡಿ ಕೆಲಸ ಮಾಡುತ್ತಿದ್ದಾಗ ಆ ಕಡೆ ತಂತಿಯಿಂದ ಪ್ಲಾಟಿನಂ ಕಣ್ಣಿಗೆ ಕಾಣದಷ್ಟು ಕರಗಿ, ಆಮ್ಲದಲ್ಲಿ ಈಜಿ ಬಂದು ನನ್ನ ಪುಡಿಯ ಮೇಲೆ ಕೂರುತ್ತಿತ್ತು. ತಂತಿಯನ್ನು ತೆಗೆದು ಗ್ರಾಫೈಟ್ ಕಡ್ಡಿ ಇಟ್ಟೆ. ಸುಧಾರಣೆ ಮಾಯ. ಪುಡಿ ಮೂರೇ ದಿನಕ್ಕೆ ಸೊರಗಿತು. ಹಳೆಯ ಪುಡಿಯನ್ನು ವಿಶ್ಲೇಷಣೆಗೆ ಕಳಿಸಿದರೆ ಪ್ಲಾಟಿನಂ ಇದೆ ಎಂದು ಉತ್ತರ ಬಂತು.

ಸಾರಾಂಶವನ್ನು ವಾಪಸು ತೆಗೆದುಕೊಳ್ಳಬೇಕಿತ್ತು. ತೆಗೆದುಕೊಂಡೆ. ಅದನ್ನು ದೊಡ್ಡ ತ್ಯಾಗವೆಂದು ಯಾರೂ ತಿಳಿಯಬೇಡಿ; ಎರಡು ದಿನ ಸುಮ್ಮನಿದ್ದು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೂ ಉಂಟು. ನನ್ನಾಕೆಗೆ ಹೇಳಿದೆ. "ಪೆಟ್ಟಿಗೆ ಎರಡು ಸಾಕಾ, ಮೂರು ಬೇಕಾ?" ಎಂದಳು ಅವಳು. ಯೋಜನೆಯ ಹಣ ನಿಂತಿತು. ಪುಣ್ಯಕ್ಕೆ ಆಸ್ಟಿನ್ನಿನಲ್ಲಿ ಚಿಪ್ಪುಗಳ ಮೇಲೆ ತಾಮ್ರ ಲೇಪಿಸುವ ಕೆಲಸಕ್ಕೆ ವಿದ್ಯುದ್ರಸಾಯನ ತಿಳಿದವರು ಬೇಕಾಗಿದ್ದರು. ಬದುಕಿದೆವು. ಈ ಪ್ಲಾಟಿನಂ ತಂತಿಯ ಮೋಸದ ಬಗ್ಗೆ ಈಗ ಪತ್ರಿಕೆಗಳೇ ಎಚ್ಚರಿಕೆ ಕೊಡುತ್ತವೆ, ಗ್ರಾಫೈಟ್ ಬಳಸಿ ಎನ್ನುತ್ತವೆ. ಆಗ ಅಷ್ಟು ಪ್ರಚಾರವಿರಲಿಲ್ಲ. ಹೊಸ ಕ್ರಿಯಾವರ್ಧಕದ ಸುದ್ದಿ ಪತ್ರಿಕೆಯಲ್ಲಿ ಬಂದಾಗೆಲ್ಲ ನಾನು ಮೊದಲು ನೋಡುವುದು ಎಷ್ಟು ಗಂಟೆ ಓಡಿಸಿದರು, ಎದುರಿನ ತಂತಿ ಯಾವುದು ಎಂದು. ಹತ್ತು ಗಂಟೆ ಓಡಿಸಿ 'ಅತ್ಯುತ್ತಮ ಸ್ಥಿರತೆ' ಎಂದು ಬರೆದಿರುತ್ತಾರೆ. ದೊಡ್ಡ ಲಾರಿಗೆ ಅಮೆರಿಕದ ಇಂಧನ ಇಲಾಖೆ ಇಟ್ಟ ಗುರಿ 25,000 ಗಂಟೆ. ಆರಂಭಶೂರರು ನಮ್ಮ ಸಂಘಸಂಸ್ಥೆಗಳಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ.

ಇದೇ ಕಥೆ ನೀರನ್ನು ಒಡೆದು ಜಲಜನಕ ತೆಗೆಯುವ ಯಂತ್ರದಲ್ಲೂ ಇದೆ. ಅಲ್ಲಿ ಆಮ್ಲಜನಕ ಬಿಡುವ ಕಡೆ ಪ್ಲಾಟಿನಂ ಕೂಡ ಸಾಲದು. ರುಥೇನಿಯಂ ಆಕ್ಸೈಡ್ ಬಲು ಚುರುಕು, ಆದರೆ ಕರಗುತ್ತದೆ. ಇರಿಡಿಯಂ ಆಕ್ಸೈಡ್ ಅದಕ್ಕಿಂತ ಮಂದ, ಆದರೆ ತಾಳಿಕೊಳ್ಳುತ್ತದೆ. ಕಾರ್ಖಾನೆಯವರು ಯಾವುದನ್ನು ಆರಿಸಿಕೊಂಡರು? ಮಂದವಾದದ್ದನ್ನೇ. ಕಷ್ಟವೆಂದರೆ ಇರಿಡಿಯಂ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಏಳೆಂಟು ಟನ್ ಮಾತ್ರ ಸಿಗುತ್ತದೆ, ಅದೂ ಬಹುತೇಕ ದಕ್ಷಿಣ ಆಫ್ರಿಕದ ಪ್ಲಾಟಿನಂ ಗಣಿಗಳ ಉಪೋತ್ಪನ್ನವಾಗಿ. ಭಾರತ ಸರ್ಕಾರ 2023ರಲ್ಲಿ ಹಸಿರು ಜಲಜನಕದ ಯೋಜನೆಯೊಂದನ್ನು ಸಾರಿ, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಎಂಬ ಗುರಿ ಇಟ್ಟಿದೆ. ಅದನ್ನೆಲ್ಲ ಇರಿಡಿಯಂ ನೆಚ್ಚಿಕೊಂಡು ಮಾಡಲಾಗದು; ಕ್ಷಾರದಲ್ಲಿ ನಿಕ್ಕೆಲ್ ಬಳಸುವ ಹಳೆಯ ವಿಧಾನವೇ ದೊಡ್ಡ ಪಾಲು ಹೊರಬೇಕಾದೀತು ಎಂಬುದು ನನ್ನ ಅಂದಾಜು. ಅಪೋಲೋದ ನಿಕ್ಕೆಲ್ ನೆನಪಿದೆಯಲ್ಲ?

ಊರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ನಮ್ಮ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳಿರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಅಡಿಕೆ ಬೆಳೆಯುವ ಸೀಮೆ. ಗಣಿಯಾದರೆ ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ಕೋಲಾರವನ್ನು ಕಂಡವರಿಗೆ ಅನುಮಾನ ಸಹಜ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊ. ಎ. ಕೆ. ಶುಕ್ಲಾ ಅವರು ಮೆಥನಾಲ್ ಇಂಧನಕೋಶದ ಮೇಲೆ ದಶಕಗಳ ಕಾಲ ಕೆಲಸ ಮಾಡಿ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. 2024ರ ಜನವರಿ 1ರಂದು ಹಾರಿದ ಇಸ್ರೋ ರಾಕೆಟ್ಟಿನ ಕೊನೆಯ ಹಂತದಲ್ಲಿ 100 ವಾಟ್ ವರ್ಗದ ಇಂಧನಕೋಶವೊಂದನ್ನು ಕಕ್ಷೆಯಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅಂದು ಬೆಳಗ್ಗೆ ಅಣ್ಣ ಇದ್ದಿದ್ದರೆ ಫೋನು ಮಾಡುತ್ತಿದ್ದೆ. ಏನು ಕೇಳುತ್ತಿದ್ದರೆಂದು ನಿಮಗೇ ಗೊತ್ತು.

ಅಮ್ಮನ ಪ್ರಶ್ನೆಗೆ ಉತ್ತರ ಬಾಕಿ ಇದೆ. ಮನೆಯಲ್ಲಿ ಇಂಧನಕೋಶ ಇಟ್ಟುಕೊಂಡಿದ್ದರೆ ಆ ರಾತ್ರಿ ಬೆಚ್ಚಗಿರುತ್ತಿದ್ದೆವೇ? ಶೇಖರಿಸಿಟ್ಟ ಜಲಜನಕ ಇದ್ದಿದ್ದರೆ ಹೌದು. ಅನಿಲದ ಕೊಳವೆ ನೆಚ್ಚಿದ್ದರೆ ಬಹುಶಃ ಇಲ್ಲ, ಆ ವಾರ ಅನಿಲದ ಬಾವಿಗಳೇ ಹೆಪ್ಪುಗಟ್ಟಿದ್ದವು. 1970ರಲ್ಲಿ ಅಪೋಲೋ 13ರ ಕೋಶಗಳು ನಿಂತದ್ದೂ ಲೋಹ ಕೆಟ್ಟು ಅಲ್ಲ, ಟ್ಯಾಂಕು ಒಡೆದು ಆಮ್ಲಜನಕವೇ ಇಲ್ಲದಂತಾಗಿ. ಸಣ್ಣ ಕಾರುಗಳಲ್ಲಿ ಬ್ಯಾಟರಿಯೇ ಗೆದ್ದಿದೆ, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಗೋದಾಮುಗಳಲ್ಲಿ ಸಾಮಾನು ಎತ್ತುವ ಗಾಡಿಗಳಲ್ಲಿ ಇಂಧನಕೋಶ ಹತ್ತಾರು ಸಾವಿರ ಸಂಖ್ಯೆಯಲ್ಲಿ ದುಡಿಯುತ್ತಿದೆ. ದೂರ ಓಡುವ ಲಾರಿಯಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದು ಆ 25,000 ಗಂಟೆಗಳ ಮೇಲಿದೆ. ಅಮ್ಮ ಈಗ ತಿಪಟೂರಿನಲ್ಲಿದ್ದಾರೆ. ಯಂತ್ರಕ್ಕೆ ಯು.ಪಿ.ಎಸ್. ಇದೆ, ನನ್ನ ವಿದ್ಯೆಯ ಹಂಗಿಲ್ಲ.

ಊಟದ ಕರೆ ಬಂತು. ಮಕ್ಕಳೇ, ಕಾಫಿ ಮೇಜಿನ ಪಕ್ಕದಲ್ಲಿ ಎರಡು ಗಾಜಿನ ಲೋಟಗಳಿವೆ. ಎರಡರಲ್ಲೂ ಅಡುಗೆ ಸೋಡಾ ಹಾಕಿದ ನೀರು. ಒಂದರಲ್ಲಿ ಎರಡು ಪೆನ್ಸಿಲ್ ಕಡ್ಡಿಗಳು, ಇನ್ನೊಂದರಲ್ಲಿ ಪ್ಲಾಟಿನಂ ಲೇಪದ ಎರಡು ತಂತಿಗಳು. ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ಒಂದು ನಿಮಿಷ ತಾಗಿಸಿ, ಗುಳ್ಳೆಗಳು ಕಟ್ಟಿಕೊಂಡ ಮೇಲೆ ತೆಗೆದುಬಿಡಿ, ವೋಲ್ಟ್‌ಮೀಟರಿಗೆ ಜೋಡಿಸಿ. ಗ್ರೋವ್ ಮಾಡಿದ್ದೂ ಇಷ್ಟೇ. ಯಾವ ಲೋಟದ ಮುಳ್ಳು ಬೇಗ ಇಳಿಯುತ್ತದೆ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಂಡು ನನಗೆ ಹೇಳಿ. ಪ್ಲಾಟಿನಂ ತಂತಿಯನ್ನು ಯಾರೂ ಜೇಬಿಗೆ ಹಾಕಿಕೊಳ್ಳಬೇಡಿ, ಅದು ನನ್ನಾಕೆಗೆ ಲೆಕ್ಕವಿದೆ.